ವೈಶಾಖದ ಬಿಸಿಲು, ಅಮೃತಹಳ್ಳಿಯ ನೆರಳು

ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದತ್ತ ದೌಡಾಯಿಸುವವರ ಪಾಲಿಗೆ ಅಮೃತಹಳ್ಳಿ ಎಂಬುದು ರಸ್ತೆಬದಿಯ ಒಂದು ಫಲಕ, ಅಷ್ಟೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಕಾರು ಜಕ್ಕೂರು ದಾಟಿರುತ್ತದೆ. ಮೇಲ್ರಸ್ತೆಯ ಮೇಲೆ ಹೋಗುವವರಿಗಂತೂ ಊರು ಕಾಣುವುದೇ ಇಲ್ಲ; ಒಂದಷ್ಟು ತಾರಸಿಗಳು, ಕಪ್ಪು ನೀರಿನ ಟ್ಯಾಂಕುಗಳು, ಅವುಗಳ ನಡುವೆ ತಲೆ ಎತ್ತಿದ ನಾಲ್ಕಾರು ತೆಂಗಿನ ಮರಗಳು. ಹೆಬ್ಬಾಳ ಮತ್ತು ಯಲಹಂಕದ ನಡುವೆ, ರಸ್ತೆಯ ಪೂರ್ವದ ಬದಿಗೆ ಇರುವ ಈ ಊರಿನಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಅಲ್ಲಿಯವರೇ ಒಂದು ಗಳಿಗೆ ತಲೆ ಕೆರೆದುಕೊಂಡಾರು. ಪ್ರವಾಸಿ ಕೈಪಿಡಿಗಳಲ್ಲಿ ಇದರ ಹೆಸರು ಹುಡುಕುವುದು ವ್ಯರ್ಥ.

ಆದರೆ ವೈಶಾಖದಲ್ಲಿ ಬೆಳಿಗ್ಗೆ ಆರೂವರೆಗೆ ಇಲ್ಲಿನ ಒಳರಸ್ತೆಗಳಲ್ಲಿ ನಡೆದರೆ ಮಾತು ಬೇರೆ. ಹೊಂಗೆಯ ಹೂವು ಉದುರಿ ರಸ್ತೆಯ ಅಂಚಿನುದ್ದಕ್ಕೂ ಮಾಸಲು ಗುಲಾಬಿ ಬಣ್ಣದ ಪಟ್ಟಿ ಬಿದ್ದಿರುತ್ತದೆ. ಯಾರದೋ ಕಾಂಪೌಂಡಿನ ಒಳಗಿನ ಮಾವಿನ ಮರದಲ್ಲಿ ಕುಟುರ ಹಕ್ಕಿ ಒಂದೇ ಸಮನೆ ಕುಟುರ್ ಕುಟುರ್ ಎನ್ನುತ್ತಿರುತ್ತದೆ. ಅಂಗಳಕ್ಕೆ ನೀರು ಹಾಕಿದ ವಾಸನೆ, ಫಿಲ್ಟರ್ ಕಾಫಿಯ ವಾಸನೆ, ಸಂಪಿಗೆಯ ವಾಸನೆ ಮೂರೂ ಬೆರೆತಿರುತ್ತವೆ. ಗೇಟಿನ ಮುಂದೆ ಸೈಕಲ್ ನಿಲ್ಲಿಸಿದ ಹೂವಿನವನನ್ನು ಮನೆಯೊಡತಿ ಗದರಿಸುತ್ತಿರುತ್ತಾಳೆ: ‘ನೆನ್ನೆ ಮೊಗ್ಗು ಅಂತ ಕೊಟ್ಟಿದ್ದು ಸಂಜೆಗೇ ಅರಳಿ ಹೋಯ್ತಲ್ಲಪ್ಪ!’ ಅವನ ಉತ್ತರವೂ ಸಿದ್ಧ: ‘ಬಿಸಿಲು ಅಂಗಿದೆ ಕಣಕ್ಕಾ, ನಾನೇನ್ ಮಾಡ್ಲಿ?’ ಮೊಳ ಅಳೆಯುವಾಗ ಮಾತ್ರ ಅವನ ಮೊಳಕೈ ಸ್ವಲ್ಪ ಮಡಿಸಿಯೇ ಇರುತ್ತದೆ.

ಪಂಚಾಂಗದ ಪ್ರಕಾರ ಚೈತ್ರ, ವೈಶಾಖ ಎರಡೂ ವಸಂತ ಋತುವೇ. ಶಾಲೆಯ ಪಠ್ಯದಲ್ಲಿ ವಸಂತ ಎಂದರೆ ಚಿಗುರು, ಕೋಗಿಲೆ; ಬೆಂಗಳೂರಿನವರ ಅನುಭವದಲ್ಲಿ ವಸಂತದ ಈ ಕೊನೆಯ ಭಾಗವೇ ವರ್ಷದ ಅತಿ ಬಿಸಿಯ ಕಾಲ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದೇವೆಂಬ ನಗರದ ಜಂಬವನ್ನು 2016ರ ಏಪ್ರಿಲ್ ಮುರಿದು ಹಾಕಿತು. ಅಂದು ಪಾದರಸ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಹೀಗಿದ್ದೂ ಇಲ್ಲಿನ ಬಿಸಿಲಿಗೆ ಒಂದು ಮರ್ಯಾದೆ ಇದೆ ಎನ್ನಬೇಕು. ಮಧ್ಯಾಹ್ನವೆಲ್ಲ ಉರಿದರೂ ಸಂಜೆಯ ಹೊತ್ತಿಗೆ ಗಾಳಿ ತಿರುಗುತ್ತದೆ. ಮೂರು ದಿನ ಹೀಗೆ ಸೆಕೆ ಕಾದು, ನಾಲ್ಕನೆಯ ದಿನ ಆಗ್ನೇಯದಲ್ಲಿ ಮೋಡ ಕಪ್ಪಿಟ್ಟು, ಬಟ್ಟೆ ತೆಗೆಯಲು ಮಹಡಿಗೆ ಓಡುವಷ್ಟರಲ್ಲಿ ದಪ್ಪ ಹನಿಗಳು ಬೀಳತೊಡಗುತ್ತವೆ. ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’ ಎಂದು ಹೊಲ ಇದ್ದ ಕಾಲದಲ್ಲಿ ಇಲ್ಲಿನವರು ಹೇಳುತ್ತಿದ್ದರು. ಹೊಲಗಳು ಹೋದರೂ ಮಾತು ಉಳಿದಿದೆ. ಈಗ ಅದನ್ನು ಹೂವಿನ ಕುಂಡಗಳಿಗೆ ಅನ್ವಯಿಸಿಕೊಳ್ಳುತ್ತಾರೆ.

ಈ ತಿಂಗಳಲ್ಲಿ ನಗರದ ಮರಗಳು ಸಾಲುಸಾಲಾಗಿ ಹೂ ಬಿಡುವುದು ಬರಿಯ ಆಕಸ್ಮಿಕವಲ್ಲ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡ ಜರ್ಮನಿಯ ಕೃಂಬಿಗಲ್, ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಜಾತಿ ಅರಳುವಂತೆ ರಸ್ತೆಬದಿಯ ಮರಗಳನ್ನು ಆಯ್ದು ನೆಡಿಸಿದರು. ಅವರ ಕಾಲದಲ್ಲಿ ಅಮೃತಹಳ್ಳಿ ರಾಗಿ ಹೊಲದ ನಡುವಿನ ಹಳ್ಳಿ. ಅವರ ಸಾಲುಮರಗಳು ಇಷ್ಟು ದೂರ ಬಂದಿರಲಿಲ್ಲ. ಆದರೆ ಆ ಅಭಿರುಚಿ ಬಡಾವಣೆಗಳ ಜೊತೆ ಬಂತು. ಏಪ್ರಿಲ್ ಕೊನೆಗೆ ಗುಲ್‌ಮೊಹರ್ ಕೆಂಪಾಗುತ್ತದೆ, ಜೊತೆಗೇ ಹಳದಿ ಹೂವಿನ ತಾಮ್ರಕಾಯಿ ಮರ, ನೇರಳೆ ಬಣ್ಣದ ಹೊಳೆದಾಸವಾಳ. ಗುಲ್‌ಮೊಹರ್‌ನ ತವರು ಮಡಗಾಸ್ಕರ್ ಎಂದು ಸಸ್ಯಶಾಸ್ತ್ರದವರು ಹೇಳಬಹುದು. ಮಕ್ಕಳಿಗೆ ಅದು ಕತ್ತಿಕಾಯಿ ಮರ. ಒಣಗಿದ ಉದ್ದ ಕಾಯಿ ಕತ್ತಿಯಾಗುತ್ತದೆ, ಮೊಗ್ಗು ಬಿಡಿಸಿ ತೆಗೆದ ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಎಳೆದರೆ ಕೋಳಿ ಜಗಳ. ರಜೆಯ ಮಧ್ಯಾಹ್ನಗಳಲ್ಲಿ ಮೊಬೈಲ್ ಕಸಿದುಕೊಂಡ ಮೇಲೆ ಈ ಆಟ ಈಗಲೂ ನೆನಪಾಗುತ್ತದಂತೆ, ಸಮಾಧಾನದ ಸಂಗತಿ.

ರಾಗಿ ಹೊಲದಿಂದ ಮೂವತ್ತು-ನಲವತ್ತಕ್ಕೆ

ಈ ಸೀಮೆ ಹಳೆಯದು. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅಂದಿನಿಂದ ಇಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ, ಮೇಲೆ ಹೊಲ, ಮಧ್ಯೆ ಊರು ಎಂಬ ಏರ್ಪಾಡು ಹೆಚ್ಚು ಕಡಿಮೆ ಹಾಗೆಯೇ ನಡೆದುಕೊಂಡು ಬಂತು. 1899ರಲ್ಲಿ ಮೈಸೂರಿನ ಮಹಾರಾಣಿ ರೀಜೆಂಟರು ಕೊಟ್ಟ ಮೂವತ್ತು ಎಕರೆಯಲ್ಲಿ ಹೆಬ್ಬಾಳದ ಕೃಷಿ ಪ್ರಯೋಗ ಕ್ಷೇತ್ರ ಆರಂಭವಾಯಿತು. 1948ರಲ್ಲಿ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದವು. ಇವೆಲ್ಲ ಬಂದರೂ ಹಳ್ಳಿ ಹಳ್ಳಿಯಾಗಿಯೇ ಇತ್ತು. ಎತ್ತರದಲ್ಲಿ ಪುಟ್ಟ ತರಬೇತಿ ವಿಮಾನವೊಂದು ಗುಂಯ್‌ಗುಡುತ್ತ ಸುತ್ತು ಹಾಕುವುದನ್ನು ತಲೆಯೆತ್ತಿ ನೋಡುವುದು ಇಲ್ಲಿನ ಮಕ್ಕಳಿಗೆ ಖರ್ಚಿಲ್ಲದ ಮನರಂಜನೆ.

ಬದಲಾವಣೆ ಬಂದದ್ದು ಆಮೇಲೆ, ಒಂದರ ಹಿಂದೊಂದು. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ, 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ ಹಳ್ಳಿಗಳನ್ನೂ ಒಳಗೊಂಡ ಬೃಹತ್ ಪಾಲಿಕೆ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ಮಹಡಿಗಳು ಎದ್ದವು. ಮೂವತ್ತು-ನಲವತ್ತು ಎಂಬ ಎರಡು ಅಂಕಿಗಳೇ ಇಲ್ಲಿನ ಜೀವನದ ಅಳತೆ. ಅಷ್ಟು ಜಾಗದಲ್ಲಿ ಮನೆ, ಕಾರು, ಸಂಪು, ಬಾಡಿಗೆಗೊಂದು ಮಹಡಿ ಎಲ್ಲವೂ ಆಗಿ ಉಳಿದ ನಾಲ್ಕಡಿ ಅಗಲದ ಪಟ್ಟಿಗೆ ತೋಟ ಎಂದು ಹೆಸರು. ಹೆಸರು ದೊಡ್ಡದಾಯಿತು ಎಂದು ನಗುವವರು ನಗಲಿ, ಆ ಪಟ್ಟಿಯೊಳಗೆ ಏನೇನು ಬೆಳೆಯುತ್ತದೆ ಎಂದು ಬಗ್ಗಿ ನೋಡಿದವರು ನಗುವುದಿಲ್ಲ.

ಗೇಟಿನ ಕಂಬಕ್ಕೆ ಹಬ್ಬಿದ ದುಂಡುಮಲ್ಲಿಗೆ ಮೊದಲು. ಚಳಿಗಾಲದಲ್ಲಿ ಎಲೆ ಉದುರಿಸಿ, ಕೊಂಬೆ ಕತ್ತರಿಸಿ, ಬುಡಕ್ಕೆ ಗೊಬ್ಬರ ಹಾಕಿದ್ದರೆ ಮಾರ್ಚಿಯಿಂದ ಮಳೆಗಾಲ ಹಿಡಿಯುವವರೆಗೂ ಅದು ದಿನವೂ ಮುಷ್ಟಿ ತುಂಬ ಮೊಗ್ಗು ಕೊಡುತ್ತದೆ. ಸಂಜೆ ನಾಲ್ಕಕ್ಕೆ ಬಿಡಿಸಬೇಕು, ಆರಕ್ಕೆ ಕಟ್ಟಬೇಕು, ಏಳಕ್ಕೆ ಅರಳಬೇಕು. ಮೊಗ್ಗು ಕಟ್ಟುವ ಕೆಲಸ ನೆಪ. ಜಗುಲಿಯ ಮೇಲೆ ಕೂತು ಪಕ್ಕದ ಮನೆಯವರೊಂದಿಗೆ ಆಡುವ ಮಾತೇ ಮುಖ್ಯ. ಅದರ ಪಕ್ಕದಲ್ಲಿ ಕನಕಾಂಬರ, ಒಂದು ಕರಿಬೇವು, ಬಚ್ಚಲ ನೀರು ಹರಿಯುವ ಕಡೆ ಬಾಳೆ ಮತ್ತು ಕೆಸು. ಮೂಲೆಯಲ್ಲಿ ನುಗ್ಗೆ ಇದ್ದರಂತೂ ಬೀದಿಯವರೆಲ್ಲ ಆ ಮನೆಯವರಿಗೆ ಸ್ನೇಹಿತರೇ.

ಮೇ ತಿಂಗಳ ಅಚ್ಚರಿ ಎಂದರೆ ಮಕ್ಕಳು ಫುಟ್‌ಬಾಲ್ ಲಿಲ್ಲಿ ಎನ್ನುವ ಗಡ್ಡೆಗಿಡ. ವರ್ಷದ ಬಹುಪಾಲು ಅದರ ಇರವೇ ಗೊತ್ತಾಗುವುದಿಲ್ಲ. ಎಷ್ಟೋ ಸಲ ಹೊಸ ಗಿಡ ನೆಡಲು ಹೋಗಿ ಅದರ ಗಡ್ಡೆಗೇ ಗುದ್ದಲಿ ತಗುಲುವುದುಂಟು. ಒಂದೆರಡು ಹದವಾದ ಮಳೆ ಬಿದ್ದದ್ದೇ ತಡ, ಎಲೆಗಿಂತ ಮುಂಚೆ ದಂಟು ಎದ್ದು, ಮೂರು ನಾಲ್ಕು ದಿನದಲ್ಲಿ ಕೆಂಪು ಚೆಂಡು ಅರಳಿ ನಿಲ್ಲುತ್ತದೆ. ಹತ್ತು ದಿನವೂ ಇರಲಾರದು. ಆಫ್ರಿಕದಿಂದ ಬಂದ ಈ ಗಿಡ ಅದ್ಯಾವಾಗ ಬೆಂಗಳೂರಿನ ಅಜ್ಜಿಯರ ಕೈಗೆ ಸಿಕ್ಕಿತೋ, ಅವರಿಂದ ಅವರಿಗೆ ಗಡ್ಡೆಯ ಮೂಲಕವೇ ಹಬ್ಬಿದೆ. ನರ್ಸರಿಯಲ್ಲಿ ಕೊಂಡವರಿಗಿಂತ ಅತ್ತೆಮನೆಯಿಂದ ತಂದವರೇ ಹೆಚ್ಚು.

ತರಕಾರಿಯ ಮಾತು ಬಂದರೆ ಅವರೆಯ ಕತೆ ಹೇಳಲೇಬೇಕು. ಅದು ಈ ಊರಿನ ನೆರೆಯಲ್ಲೇ ಹುಟ್ಟಿದ್ದು. ಅವರೆ ಚಳಿಗಾಲದ ಬೆಳೆ. ಹಗಲು ಕಿರಿದಾದರೆ ಮಾತ್ರ ಹೂ ಬಿಡುವುದು ಅದರ ಸ್ವಭಾವ. ಹಾಗಾಗಿ ಸಂಕ್ರಾಂತಿಯ ಆಚೀಚೆ ಬಿಟ್ಟರೆ ಸೊಗಡಿನ ಕಾಯಿ ಸಿಗುವುದಿಲ್ಲ. ಕೃಷಿ ವಿಶ್ವವಿದ್ಯಾಲಯದ ತಳಿ ವಿಜ್ಞಾನಿಗಳು ಹಗಲಿನ ಉದ್ದಕ್ಕೆ ಸೊಪ್ಪು ಹಾಕದ ಗಿಡಗಳನ್ನು ಆರಿಸಿ ‘ಹೆಬ್ಬಾಳ ಅವರೆ’ ಎಂಬ ತಳಿಗಳನ್ನು ಬಿಡುಗಡೆ ಮಾಡಿದರು. ಗಿಡ್ಡನೆಯ ಗಿಡ, ಬಳ್ಳಿಯ ಗೊಡವೆ ಇಲ್ಲ, ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ. ಹೀಗಾಗಿ ವೈಶಾಖದ ಸುಡುಬಿಸಿಲಿನಲ್ಲೂ ಕುಂಡದಲ್ಲಿ ಅವರೆ ಹೂವಾಗುತ್ತದೆ, ಹಿತಕಿದ ಬೇಳೆಯ ಸಾರು ಆಗುತ್ತದೆ. ಹಳಬರು ಒಂದು ತುತ್ತು ತಿಂದು ‘ಎಲ್ಲಾ ಸರಿ, ಸೊಗಡು ಎಲ್ಲಪ್ಪಾ?’ ಎಂದು ಕೇಳದೆ ಬಿಡುವುದಿಲ್ಲ. ಅವರ ದೂರು ನ್ಯಾಯವಾದದ್ದೇ. ಆ ಎಣ್ಣೆಯ ಘಮ ಇಬ್ಬನಿ ಬಿದ್ದ ಚಳಿಗಾಲದ ಕಾಯಿಗೇ ಮೀಸಲು. ಆದರೂ ಮೇ ತಿಂಗಳಲ್ಲಿ ಅವರೆಕಾಳಿನ ಉಪ್ಪಿಟ್ಟು ಸಿಕ್ಕಿದರೆ ಬೇಡವೆನ್ನುವವರನ್ನು ಹುಡುಕಬೇಕು.

ತಾರಸಿಯ ಮೇಲೊಂದು ಲೋಕ

ಕೆಳಗೆ ಜಾಗ ಸಾಲದಾದಾಗ ತೋಟ ಮೇಲಕ್ಕೆ ಏರಿತು. ಬೆಂಗಳೂರಿನವರಿಗೆ ತಾರಸಿ ತೋಟದ ಹುಚ್ಚು ಹಿಡಿಸಿದವರಲ್ಲಿ ಮುಖ್ಯರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಎನ್. ವಿಶ್ವನಾಥ್. ಕ್ರಿಮಿಗಳನ್ನು ಬಲ್ಲವರೇ ಕ್ರಿಮಿನಾಶಕ ಬೇಡ ಎಂದು ಹೇಳಿಕೊಟ್ಟದ್ದರಿಂದ ಆ ಮಾತಿಗೆ ತೂಕ ಬಂತು. ಬೇವಿನ ಹಿಂಡಿ, ಎಲೆಗೊಬ್ಬರ, ತೂತು ಮಾಡಿದ ಪೇಂಟ್ ಡಬ್ಬ, ಹಳೆಯ ಬಕೆಟ್ಟು, ಬಂಡವಾಳ ಇಷ್ಟೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳ ಬೀಜ ತಂದು ಬೆಂಡೆ, ಟೊಮೆಟೊ, ಮೆಣಸಿನಕಾಯಿ ಹಾಕುವವರು ಈಗ ಪ್ರತಿ ಅಡ್ಡರಸ್ತೆಯಲ್ಲೂ ಒಬ್ಬಿಬ್ಬರು ಇದ್ದಾರೆ. ಲೆಕ್ಕ ಹಾಕಿದರೆ ಆ ಬೆಂಡೆಕಾಯಿ ಅಂಗಡಿಯದಕ್ಕಿಂತ ದುಬಾರಿಯೇ ಬಿದ್ದೀತು. ಲೆಕ್ಕ ಹಾಕುವವರು ತೋಟ ಮಾಡಬಾರದು.

ಏಪ್ರಿಲ್-ಮೇನಲ್ಲಿ ಕುಂಡಗಳು ಒಂದು ಪಕ್ಕಕ್ಕೆ ಸರಿದು ಸಂಡಿಗೆಗೆ ಜಾಗ ಬಿಡುತ್ತವೆ. ರಾತ್ರಿಯೇ ಅಕ್ಕಿಯ ಹಿಟ್ಟಿನ ಅಂಬಲಿ ಕಾಯಿಸುವುದು, ಹಸಿಮೆಣಸು, ಇಂಗು, ಜೀರಿಗೆ ಅರೆದು ಕೂಡಿಸುವುದು, ಬೆಳಿಗ್ಗೆ ಬಿಸಿಲು ಏರುವ ಮೊದಲೇ ಹಳೆಯ ಪಂಚೆ ಹಾಸಿ ಒತ್ತುವುದು, ಇದೆಲ್ಲ ಒಬ್ಬರ ಕೈಲಾಗುವ ಕೆಲಸವಲ್ಲ. ಅರಳು ಸಂಡಿಗೆಗೆ ಬೂದುಗುಂಬಳಕಾಯಿ ತುರಿಯಬೇಕು, ಬಾಳಕಕ್ಕೆ ಮೆಣಸಿನಕಾಯಿ ಸೀಳಿ ಮಜ್ಜಿಗೆಯಲ್ಲಿ ನೆನೆಹಾಕಬೇಕು, ಹಗಲು ಒಣಗಿಸಿ ರಾತ್ರಿ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಹೀಗಾಗಿ ಒಂದು ದಿನ ಒಬ್ಬರ ತಾರಸಿ, ಮರುದಿನ ಇನ್ನೊಬ್ಬರದು. ಕಾವಲಿಗೆ ರಜೆಯ ಮಕ್ಕಳು. ಕಾಗೆ ಓಡಿಸಲು ಕೂತವರು ಅರೆಒಣಗಿದ ಸಂಡಿಗೆಯನ್ನು ಅಂಚಿನಿಂದ ಒಂದೊಂದೇ ಕಿತ್ತು ತಿಂದು, ‘ಕಾಗೆ ಬಂದಿತ್ತು ಅಜ್ಜಿ’ ಎಂದು ಹೇಳುವುದು ಎಲ್ಲ ತಲೆಮಾರುಗಳ ಸಂಪ್ರದಾಯ. ಆ ಅಜ್ಜಿಯೂ ತನ್ನ ಕಾಲದಲ್ಲಿ ಅದನ್ನೇ ಹೇಳಿದ್ದವಳಾದ್ದರಿಂದ ವಿಚಾರಣೆ ಮುಂದುವರಿಯುವುದಿಲ್ಲ.

ಈ ಸುಖಗಳೆಲ್ಲ ಒಂದು ನಲ್ಲಿಯ ಮೇಲೆ ನಿಂತಿವೆ ಎಂಬುದು 2024ರಲ್ಲಿ ಎಲ್ಲರಿಗೂ ಗೊತ್ತಾಯಿತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಕೊಳವೆಬಾವಿಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ಮಾರ್ಚಿಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕುವುದನ್ನೂ ವಾಹನ ತೊಳೆಯುವುದನ್ನೂ ನಿಷೇಧಿಸಿ 5000 ರೂಪಾಯಿ ದಂಡ ಎಂದು ಸಾರಿತು. ಏಪ್ರಿಲ್ ತಿಂಗಳಿಡೀ ನಗರದಲ್ಲಿ ಅಳೆಯುವಂಥ ಮಳೆಯೇ ಆಗಲಿಲ್ಲ. ಅಮೃತದ ಹೆಸರು ಹೊತ್ತ ಊರಿನ ಬೀದಿಗಳಲ್ಲೂ ಟ್ಯಾಂಕರಿನ ಹಾರನ್ನಿಗೆ ಕಿವಿ ನೆಟ್ಟು ಕೂರುವ ದಿನಗಳು ಅವು. ಗಿಡಕ್ಕೆ ನೀರೋ ಮನೆಗೆ ನೀರೋ ಎಂಬ ಪ್ರಶ್ನೆ ಬಂದಾಗ ಉತ್ತರದಲ್ಲಿ ಅನುಮಾನವಿಲ್ಲ. ಆದರೂ ಹತ್ತು ವರ್ಷದ ಮಲ್ಲಿಗೆ ಬಳ್ಳಿ ಕಣ್ಣೆದುರಿಗೇ ಸುಟ್ಟುಹೋಗುವುದನ್ನು ನೋಡುವುದು ಸುಲಭವಲ್ಲ.

ಆಗ ಹಳೆಯ ಜಾಣತನಗಳು ಮತ್ತೆ ಬಂದವು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ನೀರು ಶುದ್ಧಮಾಡುವ ಯಂತ್ರ ಹೊರಹಾಕುವ ನೀರು ಎಲ್ಲಕ್ಕೂ ಪ್ರತ್ಯೇಕ ಬಕೆಟ್ಟು. ಕುಂಡದ ಮಣ್ಣಿನ ಮೇಲೆ ತರಗೆಲೆಯ ಹೊದಿಕೆ. ಮಧ್ಯಾಹ್ನದ ಬಿಸಿಲಿಗೆ ಹಳೆಯ ಸೀರೆಯ ಚಪ್ಪರ. ತುಳಸಿ, ಕರಿಬೇವು, ಮಲ್ಲಿಗೆ ಇವಿಷ್ಟು ಉಳಿದರೆ ಸಾಕು, ಉಳಿದವು ಹೋಗಲಿ ಎಂದು ಪಟ್ಟಿ ಮಾಡಿಕೊಂಡ ಮನೆಗಳಿದ್ದವು. ಮಳೆಕೊಯ್ಲು ಕಡ್ಡಾಯವೆಂದು 2009ರಲ್ಲೇ ಕಾನೂನಾಗಿದ್ದರೂ ಎಷ್ಟೋ ಮನೆಗಳಲ್ಲಿ ಅದು ಒಂದು ಪೈಪು ಮಾತ್ರವಾಗಿತ್ತು. ಆ ವರ್ಷ ಜನ ಪೈಪಿನ ಇನ್ನೊಂದು ತುದಿ ಎಲ್ಲಿದೆ ಎಂದು ಹುಡುಕಿದರು. ಲೆಕ್ಕ ಸರಳ: ಸಾವಿರ ಚದರಡಿಯ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂಬತ್ತು ನೂರು ಲೀಟರಿಗೂ ಮಿಕ್ಕಿದ ನೀರು. ಮೇ ತಿಂಗಳ ಒಂದು ಒಳ್ಳೆಯ ಮಳೆಯೆಂದರೆ ಇದರ ಮೂರು ನಾಲ್ಕು ಪಟ್ಟು. 2023 ಮತ್ತು 2025ರ ಮೇ ತಿಂಗಳುಗಳಲ್ಲಿ ನಗರದಲ್ಲಿ ಸುರಿದ ಮಳೆ ತಲಾ ಮುನ್ನೂರು ಮಿಲಿಮೀಟರ್ ದಾಟಿತ್ತು. ಎರಡರ ನಡುವಿನ ವರ್ಷದಲ್ಲಿ ಹಾಹಾಕಾರ. ಆಕಾಶಕ್ಕೆ ಜಿಪುಣತನವಿಲ್ಲ, ಸರಾಸರಿಯ ಪ್ರಜ್ಞೆಯೂ ಇಲ್ಲ. 2024ರ ಅಕ್ಟೋಬರಿನಲ್ಲಿ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರ್. ನೂರು ಕಿಲೋಮೀಟರ್ ದೂರದ ನದಿಯನ್ನು ಪಂಪು ಹಚ್ಚಿ ಮೇಲೆ ತಂದ ನೀರನ್ನು ದಾಸವಾಳಕ್ಕೆ ಹಾಕುವ ಮೊದಲು ಎರಡು ಸಲ ಯೋಚಿಸುವ ಅಭ್ಯಾಸ ಬಹಳ ಮನೆಗಳಲ್ಲಿ ಆಮೇಲೂ ಉಳಿಯಿತು.

ಏರಿಯ ಮೇಲೆ ಸಂಜೆ

ಬಿಸಿಲು ಇಳಿದ ಮೇಲೆ ಮನೆಯಲ್ಲಿ ಕೂರುವವರು ಕಡಿಮೆ. ಅಮೃತಹಳ್ಳಿಗೆ ತನ್ನದೇ ಕೆರೆ ಇದೆ. ಅದರ ಸುತ್ತ ನಡೆಯುವ ಹಾದಿಯೂ ಇದೆ. ಸ್ವಲ್ಪ ದೂರ ಹೋದರೆ ರಾಚೇನಹಳ್ಳಿ ಕೆರೆ, ಅದರಾಚೆ ಜಕ್ಕೂರು ಕೆರೆ. ಜಕ್ಕೂರಿನದು ಸುಮಾರು 160 ಎಕರೆ. ಅದರ ಕೋಡಿಯ ನೀರು ರಾಚೇನಹಳ್ಳಿಗೆ ಹರಿಯುತ್ತದೆ. ಜಕ್ಕೂರಿನ ಕೆರೆ ಬೇಸಿಗೆಯಲ್ಲೂ ತುಂಬಿರುವುದರ ಗುಟ್ಟು ಕೇಳಿದರೆ ಕೆಲವರು ಮೂಗು ಮುರಿದಾರು. ಅದರ ಮೇಲ್ಭಾಗದಲ್ಲಿ ಚರಂಡಿ ನೀರನ್ನು ಶುದ್ಧೀಕರಿಸುವ ಘಟಕವಿದೆ. ಅಲ್ಲಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ ಜೊಂಡು, ಆಪುಗಳು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಸೋಸಿಕೊಂಡು ಬರುತ್ತದೆ. ಗಿಡಗಳ ಬೇರು ಉಳಿದ ಕೊಳೆಯನ್ನು ತಿನ್ನುತ್ತದೆ. ಊರಿನವರು ಕಾವಲು ಕಾಯ್ದು, ಅರ್ಜಿ ಬರೆದು, ಕಸ ಹೆಕ್ಕಿ ಈ ವ್ಯವಸ್ಥೆ ಕೆಡದಂತೆ ನೋಡಿಕೊಂಡದ್ದರಿಂದ ಹೆಜ್ಜಾರ್ಲೆಗಳು ಅಲ್ಲಿ ದೋಣಿಗಳಂತೆ ತೇಲುತ್ತವೆ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ, ಬಣ್ಣದ ಕೊಕ್ಕರೆಗಳು ಧ್ಯಾನ ಮಾಡುತ್ತವೆ. ವಲಸೆ ಬಂದ ಬಾತುಗಳು ವೈಶಾಖದ ಹೊತ್ತಿಗೆ ಉತ್ತರಕ್ಕೆ ಹೊರಟುಹೋಗಿರುತ್ತವೆ. ಊರ ಹಕ್ಕಿಗಳು ಊರಲ್ಲೇ ಇರುತ್ತವೆ.

ಏರಿಯ ಮೇಲೆ ನಡೆಯುವವರಲ್ಲಿ ಹಲವು ಬಗೆ. ಕೈ ಬೀಸುತ್ತ ವೈದ್ಯರ ಆಜ್ಞೆ ಪಾಲಿಸುವವರು, ಕ್ಯಾಮರಾ ಹಿಡಿದು ಬಗ್ಗುವವರು, ಮೊಮ್ಮಕ್ಕಳಿಗೆ ಕಳ್ಳೆಕಾಯಿ ಕೊಡಿಸುವವರು. ಇವರ ನಡುವೆ ನೆಲ ನೋಡುತ್ತ, ಸೆರಗಿನ ಮಡಿಲು ಕಟ್ಟಿಕೊಂಡು ನಡೆಯುವ ಹೆಂಗಸರನ್ನು ಗಮನಿಸಬೇಕು. ಮೊದಲ ಮಳೆ ಬಿದ್ದ ಒಂದು ವಾರಕ್ಕೆ ಖಾಲಿ ಸೈಟುಗಳಲ್ಲಿ, ಬೇಲಿಯ ಬುಡದಲ್ಲಿ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕೀರೆ, ಗೋಣಿ ಸೊಪ್ಪು ಹುಟ್ಟುತ್ತವೆ. ಎಲ್ಲ ಒಂದೊಂದು ಹಿಡಿ ಸೇರಿದರೆ ಬೆರಕೆ ಸೊಪ್ಪು; ಬೇಯಿಸಿ ಬಸಿದರೆ ಬಸ್ಸಾರು, ಮುದ್ದೆಗೆ ಅದಕ್ಕಿಂತ ಜೊತೆ ಬೇರೆ ಇಲ್ಲ. ಹೊಲವಿದ್ದ ಕಾಲದ ವಿದ್ಯೆ ಇದು. ಯಾವ ಸೊಪ್ಪು ತಿನ್ನುವುದು, ಯಾವುದನ್ನು ಬಿಡುವುದು, ಚರಂಡಿ ನೀರು ಸೋಕಿದ ಹೊನಗೊನ್ನೆಯನ್ನು ಏಕೆ ಮುಟ್ಟಬಾರದು, ಎಲ್ಲ ಅವರ ಬೆರಳಿಗೆ ಗೊತ್ತು. ಅಪಾರ್ಟ್‌ಮೆಂಟಿನ ಹೊಸ ಸೊಸೆಯೊಬ್ಬಳು ನಿಂತು, ‘ಇದೇನಮ್ಮಾ, ಕಳೆ ಕೀಳ್ತಾ ಇದೀರಾ?’ ಎಂದರೆ, ‘ಕಳೆ ಅಲ್ಲ ಕಣವ್ವಾ, ರಾತ್ರಿ ಊಟ’ ಎಂಬ ಉತ್ತರ ಬರುತ್ತದೆ. ಖಾಲಿ ಸೈಟುಗಳು ವರ್ಷಕ್ಕೊಂದಿಷ್ಟು ಕಡಿಮೆಯಾಗುತ್ತಿವೆ. ಸೊಪ್ಪಿನ ಜೊತೆ ಅದರ ಹೆಸರುಗಳೂ ಹೋಗುತ್ತವೆ ಎಂಬುದೇ ಹೆಚ್ಚಿನ ನಷ್ಟ.

ಬಳ್ಳಾರಿ ರಸ್ತೆಯ ಆಚೆ ಬದಿಗೆ ಜಿಕೆವಿಕೆ, ಅಂದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಸಾವಿರದ ಮುನ್ನೂರು ಎಕರೆಯ ಆಸುಪಾಸಿನ ಹಸಿರು. ನವಿಲಿನ ಕೂಗು ಸಹಕಾರನಗರದ ಮನೆಗಳಿಗೂ ಕೇಳಿಸುತ್ತದೆ. ಉತ್ತರ ಬೆಂಗಳೂರಿನ ಉಸಿರುಚೀಲ ಎಂದು ಅದನ್ನು ಕರೆದರೆ ತಪ್ಪಾಗಲಾರದು. ಅಮೃತಹಳ್ಳಿಯವರಿಗೆ ಅದು ಕೂಗಳತೆಯ ದೂರ. ಆದರೆ ನಡುವೆ ಬಳ್ಳಾರಿ ರಸ್ತೆ ಎಂಬ ನದಿ ಇದೆ. ಒಂದು ಕಾಲಕ್ಕೆ ಎತ್ತಿನ ಗಾಡಿಗಳು ದಾಟುತ್ತಿದ್ದ ದಾರಿಯನ್ನು ದಾಟಲು ಈಗ ಮೊಣಕಾಲು ನೋವಿನವರು ಮೆಟ್ಟಿಲು ಹತ್ತಿ ಇಳಿಯಬೇಕು. ನಗರ ವಿಮಾನ ಹತ್ತುವವರಿಗೆ ದಾರಿಯನ್ನು ಹತ್ತಿರ ಮಾಡಿತು, ಎದುರು ಮನೆಗೆ ಹೋಗುವವರಿಗೆ ದೂರ ಮಾಡಿತು.

ಭಾನುವಾರದ ವಿಹಾರ ಎಂದರೆ ನಂದಿ. ಊರಿನಿಂದ ಹೊರಟರೆ ನಗರದ ಗದ್ದಲ ದಾಟುವ ಕಷ್ಟವೇ ಇಲ್ಲ ಎಂಬುದು ಇಲ್ಲಿಯವರ ಸವಲತ್ತು. 1478 ಮೀಟರ್ ಎತ್ತರದ ಬೆಟ್ಟದ ತಲೆಯ ಮೇಲೆ ಬೆಂಗಳೂರಿಗಿಂತ ಮೂರು ನಾಲ್ಕು ಡಿಗ್ರಿ ತಂಪು. 1927ರಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿಯವರು ವಿಶ್ರಾಂತಿಗೆಂದು ಏಪ್ರಿಲ್‌ನಲ್ಲಿ ಬಂದು ಜೂನ್ ಮೊದಲ ವಾರದವರೆಗೆ ಇದ್ದದ್ದು ಇಲ್ಲೇ. 1936ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬಂದರು. ವೈಶಾಖ ಕಳೆಯಲು ಆ ದಿನಗಳ ವೈದ್ಯರು ಆರಿಸಿದ ಜಾಗ ಅದು. ಈಗ ಸೂರ್ಯೋದಯ ನೋಡಲು ನಸುಕಿನ ನಾಲ್ಕಕ್ಕೇ ಸಾಲುಗಟ್ಟುವ ವಾಹನಗಳ ಹಿಂದೆ ನಿಂತವರಿಗೆ ವಿಶ್ರಾಂತಿಯ ಅರ್ಥ ಹೊಳೆಯುವುದು ಕಷ್ಟ. ತಿಳಿದವರು ಬೆಟ್ಟ ಹತ್ತದೆ ಕೆಳಗಿನ ನಂದಿ ಗ್ರಾಮದಲ್ಲೇ ಉಳಿಯುತ್ತಾರೆ. ಅಲ್ಲಿನ ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೆಯ ಶತಮಾನದಷ್ಟು ಹಿಂದಿನದು. ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳ ಬಳ್ಳಿ, ಗಿಳಿಗಳನ್ನು ನೋಡಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ಬುತ್ತಿ ಬಿಚ್ಚಿದರೆ ಮಾವಿನಕಾಯಿ ಚಿತ್ರಾನ್ನ, ಮೊಸರನ್ನ, ಬಾಳಕ. ಆ ಬಾಳಕ ಹಿಂದಿನ ವಾರ ತಾರಸಿಯ ಮೇಲೆ ಒಣಗಿದ್ದೇ.

ಬರುವ ದಾರಿಯಲ್ಲಿ ಹಣ್ಣು ತರದೆ ಬಂದರೆ ಮನೆಗೆ ಸೇರಿಸುವುದಿಲ್ಲ. ದೊಡ್ಡಬಳ್ಳಾಪುರದ ಕಡೆಯ ತೂಬುಗೆರೆ ಹಲಸು ಮೇ ತಿಂಗಳಲ್ಲಿ ರಸ್ತೆಬದಿಗೆ ಬರುತ್ತದೆ. ಮಾವಿನಲ್ಲಿ ಬಾದಾಮಿಯೋ ರಸಪುರಿಯೋ ಎಂಬ ಜಗಳ ಬೆಂಗಳೂರಿನ ಮನೆಗಳಲ್ಲಿ ಎಂದೂ ತೀರುವುದಿಲ್ಲ. ಹೆಚ್ಚಿ ತಿನ್ನಲು ಬಾದಾಮಿ, ಸೀಕರಣೆಗೆ ರಸಪುರಿ ಎಂದು ಹಿರಿಯರು ರಾಜಿ ಮಾಡಿಸುತ್ತಾರೆ. ಸಕ್ಕರೆಗುತ್ತಿಯನ್ನು ಮಾತ್ರ ಯಾರೂ ಹೆಚ್ಚುವುದಿಲ್ಲ. ತೊಟ್ಟು ಕಚ್ಚಿ ಹಿಂಡಿ ಕುಡಿಯುವುದೇ ಅದರ ಕ್ರಮ, ಮೊಣಕೈವರೆಗೆ ರಸ ಇಳಿದರೆ ಹಣ್ಣು ಚೆನ್ನಾಗಿದೆ ಎಂದು ಅರ್ಥ. ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ಮಾವು-ಹಲಸಿನ ಮೇಳವಾದಾಗ ರಿಯಾಯಿತಿಯ ಫಲಕ ನೋಡಿ ನಿಲ್ಲದವರಿಲ್ಲ. ಮನೆಯಲ್ಲಿ ಹಲಸು ಹೆಚ್ಚುವ ದಿನವಂತೂ ಒಂದು ಸಮಾರಂಭ: ಹಳೆಯ ಪತ್ರಿಕೆ ಹಾಸಿ, ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿ, ಮನೆಯ ಗಂಡಸು ವರ್ಷಕ್ಕೊಮ್ಮೆ ಅಡುಗೆಮನೆಯ ಕೆಲಸದಲ್ಲಿ ಶೌರ್ಯ ತೋರಿಸುತ್ತಾನೆ. ತೊಳೆಗಳನ್ನು ಎಣಿಸಿ ಅಕ್ಕಪಕ್ಕದ ಆರು ಮನೆಗೆ ಬಟ್ಟಲುಗಳು ಹೋಗುತ್ತವೆ. ಬೀಜಗಳು ಮರುದಿನದ ಹುಳಿಗೆ.

ಕೃತ್ತಿಕಾ ಮಳೆ ಶುರುವಾಗುವ ಹೊತ್ತಿಗೆ ಇನ್ನೊಂದು ಹೂವು ಮೊಗ್ಗಾಗಿರುತ್ತದೆ. ಜನ ಅದನ್ನು ಬ್ರಹ್ಮಕಮಲ ಎನ್ನುತ್ತಾರೆ. ನಿಜದಲ್ಲಿ ಅದು ಮಧ್ಯ ಅಮೆರಿಕದ ಕಡೆಯ ಪಾಪಾಸುಕಳ್ಳಿಯ ಬಳಗದ್ದು, ಹಿಮಾಲಯದ ಬ್ರಹ್ಮಕಮಲವೇ ಬೇರೆ. ಪೂಜೆಗೆ ನಿಂತವರಿಗೆ ಇದನ್ನು ವಿವರಿಸಿದರೆ ಪ್ರಯೋಜನವಿಲ್ಲ. ಎಲೆಯ ಅಂಚಿನಿಂದಲೇ ಹೊರಟ ಮೊಗ್ಗು ಕೊಕ್ಕರೆಯ ಕತ್ತಿನಂತೆ ಬಾಗಿ, ಊದಿಕೊಂಡಿತೆಂದರೆ ಆ ರಾತ್ರಿಯೇ ಅರಳುತ್ತದೆಂದು ಗೊತ್ತು. ‘ಇವತ್ತು ಎಂಟು ಹೂವು ಬಿಡ್ತಾ ಇದೆ, ಊಟ ಮುಗಿಸಿ ಬನ್ನಿ ಆಂಟಿ’ ಎಂದು ಬೀದಿಗೆಲ್ಲ ಕರೆ ಹೋಗುತ್ತದೆ. ಒಂಬತ್ತು ಗಂಟೆಗೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಹಾಲಿನ ಲೋಟಗಳು, ನಿದ್ದೆಗಣ್ಣಿನ ಮಕ್ಕಳು. ಸಂಜೆಯ ಮಳೆಗೆ ಕರೆಂಟು ಹೋಗಿದ್ದರೆ ಇನ್ನೂ ಒಳ್ಳೆಯದು, ಒಬ್ಬರ ಕೈಯ ಟಾರ್ಚಿನ ಬೆಳಕಿನಲ್ಲಿ ಬಿಳಿಯ ಎಸಳುಗಳು ಒಂದೊಂದೇ ಸಡಿಲವಾಗುವುದು ಕಾಣುತ್ತದೆ. ಮೂರನೆಯ ಮಹಡಿಯ ಬಾಡಿಗೆಯವರು, ಎರಡು ವರ್ಷದಿಂದ ಇದ್ದರೂ ಯಾರಿಗೂ ಹೆಸರು ಗೊತ್ತಿಲ್ಲದವರು, ಘಮಕ್ಕೆ ಮೆಟ್ಟಿಲಿಳಿದು ಬಂದು ಗೇಟಿನ ಬಳಿ ನಿಲ್ಲುತ್ತಾರೆ. ‘ಅಲ್ಲೇ ಯಾಕೆ ನಿಂತ್ರಿ, ಒಳಗೆ ಬನ್ನಿ’ ಎಂದು ಯಾರೋ ಒಂದು ಕುರ್ಚಿ ಎಳೆದು ಹಾಕುತ್ತಾರೆ. ಸೂರಿನ ಕೊಳವೆಯಿಂದ ಸಂಪಿಗೆ ಇನ್ನೂ ನೀರು ಇಳಿಯುತ್ತಿರುತ್ತದೆ.